ಗೋದಲಿಯ ಮುಂದೆ ಒಂದು ಖಾಲಿ ಜಾಗ

ಮೊನ್ನೆ ಚಿತ್ರದುರ್ಗದ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿಗೆ ಬಂದ ಹೆಂಗಸು ತೊಡೆಯ ಮೇಲೆ ಒಂದು ರಟ್ಟಿನ ಡಬ್ಬಿ ಇಟ್ಟುಕೊಂಡಳು. ಅದರೊಳಗಿಂದ ಹಸಿ ಉಣ್ಣೆಯ ವಾಸನೆ ಬಂತು. ಕುರಿಯ ಮೈಯಿಂದ ಕತ್ತರಿಸಿದ ಮೇಲೆ ಎಷ್ಟು ತೊಳೆದರೂ ಬಿಡದ, ಜಿಡ್ಡಿನ, ಬೆಚ್ಚಗಿನ ವಾಸನೆ. ಜೊತೆಗೆ ಒಂದಿಷ್ಟು ಮೇಣದ್ದು. ಡಿಸೆಂಬರ್ ತಿಂಗಳು ಬೇರೆ. ಡಬ್ಬಿಯಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತೆ. ಬಸ್ಸು ಸ್ಟ್ಯಾಂಡು ಬಿಡುವಷ್ಟರಲ್ಲಿ ಆ ಒಂದು ವರ್ಷದ ಡಿಸೆಂಬರ್ ಪೂರ್ತಿಯಾಗಿ ಕಣ್ಣ ಮುಂದೆ ಬಂದು ನಿಂತಿತ್ತು.

ನಮ್ಮ ಯಜಮಾನರು ರುದ್ರಪ್ಪ ಇದೇ ದಾರಿಯ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ತಿರುಗಿ ಚಿತ್ರದುರ್ಗ. ದಿನಾ ಇದೇ ಸುತ್ತು. ಮಾತೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಎಮ್ಮೆ ಈದಿತು, ಸಿರಿಗೆರೆಯ ಹಾಸ್ಟೆಲಿಗೆ ಹೊರಟ ಯಾವ ಹುಡುಗ ಚಿತ್ರದುರ್ಗದವರೆಗೂ ಅಳುತ್ತಾ ಕೂತಿದ್ದ, ಎಲ್ಲವನ್ನೂ ಊಟಕ್ಕೆ ಕೂತಾಗ ನನಗೆ ಹೇಳಬೇಕು. ನನಗೆ ತೂಕಡಿಕೆ ಬಂದರೆ "ಲೇ ಗಿರ್ಜಿ, ಕೇಳ್ತಿದಿಯೇನೇ? ಮುಖ್ಯವಾದ್ದು ಇನ್ನ ಐತೆ" ಎಂದು ಎಬ್ಬಿಸಿ ಕೂರಿಸುತ್ತಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಗದ್ದಲಕ್ಕೆ ಎಂದೂ ಕೊರತೆ ಇರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಹೊಸದುರ್ಗದ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಕುಸಿದು ಬಿದ್ದರು. ಲಕ್ವ ಹೊಡೆದಿತ್ತು. ಡ್ರೈವರ್ ಖಾದರ್ ಸಾಬರು ಬಸ್ಸಿನಲ್ಲಿದ್ದ ಜನರನ್ನೆಲ್ಲ ಇಳಿಸಿ, ಅದೇ ಬಸ್ಸಿನಲ್ಲಿ ಅವರೊಬ್ಬರನ್ನೇ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದರು. ಜೀವ ಉಳಿಯಿತು. ಬಲಗೈ ಸೋತುಹೋಯಿತು, ಬಲಗಾಲು ಎಳೆದುಕೊಂಡು ನಡೆಯುವಂತಾಯಿತು, ಮಾತು ಹೋಯಿತು.

ಪೂರ್ತಿ ಹೋಗಿದ್ದರೆ ಒಂದು ಥರ. ಒಂದೇ ಒಂದು ಮಾತು ಉಳಿದುಕೊಂಡಿತು. 'ರೈಟ್.' ಬಾಗಿಲಲ್ಲಿ ನಿಂತು ಡ್ರೈವರಿಗೆ ಹೊರಡು ಎಂದು ಹೇಳುವ ಮಾತು. ಹಸಿವಾದರೂ ರೈಟ್, ಹೊಟ್ಟೆ ತುಂಬಿದರೂ ರೈಟ್. ನೋವಿಗೂ ಅದೇ, ಸಿಟ್ಟಿಗೂ ಅದೇ. ಬೇಕು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಅದೇ. ತಲೆಯಾಡಿಸುವುದೂ ಕಲಸಿಹೋಗಿತ್ತು, ಕಾಫಿ ಬೇಕಾ ಎಂದರೆ ಹೂಂ ಎಂದು ತಲೆಯಾಡಿಸುತ್ತಿದ್ದರು, ಲೋಟ ತಂದು ಹಿಡಿದರೆ ಮುಖ ತಿರುಗಿಸುತ್ತಿದ್ದರು. "ಅವರಿಗೆ ನಾವು ಹೇಳಿದ್ದು ಅರ್ಥ ಆಗುತ್ತಮ್ಮ. ಹೇಳಬೇಕಾದ್ದೂ ಒಳಗೆ ಇರುತ್ತೆ. ಅದು ಮಾತಾಗಿ ಹೊರಗೆ ಬರೋ ದಾರಿ ಮುಚ್ಚಿಬಿಟ್ಟಿದೆ" ಎಂದರು ಡಾಕ್ಟರು. ಬರೆಯಲಿ ಎಂದು ಸ್ಲೇಟು ತಂದುಕೊಟ್ಟೆ. ಎಡಗೈಯಲ್ಲಿ ಬಳಪ ಹಿಡಿದು ಗೆರೆಗಳನ್ನು ಎಳೆದರು. ತಾವು ಬರೆದದ್ದನ್ನು ತಾವೇ ನೋಡಿ ಸ್ಲೇಟನ್ನು ಪಕ್ಕಕ್ಕೆ ಸರಿಸಿದರು. ನಂಬಬಹುದಾದದ್ದು ಅವರ ಮುಖ ಒಂದೇ. ಅದರಲ್ಲಿ ಸಂತೋಷ, ಬೇಸರ ಎಲ್ಲವೂ ಮೊದಲಿನಂತೆ ಸ್ವಚ್ಛವಾಗಿ ಕಾಣುತ್ತಿತ್ತು.

ನಾನು ನಮ್ಮ ಓಣಿಯ ಹೆಂಗಸರ ಸಂಘದಲ್ಲಿ ಕೌದಿ ಹೊಲಿಯುತ್ತಿದ್ದೆ. ಹಳೇ ಸೀರೆ, ಹಳೇ ಧೋತರಗಳನ್ನು ಪದರ ಹಾಕಿ ಕೈಯಲ್ಲೇ ಹೊಲಿಗೆ ಹಾಕುವ ಕೆಲಸ. ನವೆಂಬರ್ ಕೊನೆಗೆ ಚರ್ಚಿನ ಕಡೆಯಿಂದ ಸಂಘಕ್ಕೆ ಹೇಳಿಕಳಿಸಿದರು. ಕ್ರಿಸ್‌ಮಸ್ಸಿಗೆ ಮುಂಚೆ, ಕೈಯಲ್ಲಿ ಮಾಡಿದ ಸಾಮಾನುಗಳದ್ದೇ ಒಂದು ಸಂತೆ. ಮೊದಲ ಭಾನುವಾರ ಚಿತ್ರದುರ್ಗದಲ್ಲಿ, ಆಮೇಲೆ ಹಿರಿಯೂರು, ಹೊಸದುರ್ಗ, ಕೊನೆಗೆ ಹೊಳಲ್ಕೆರೆ. ನಮ್ಮ ಕೌದಿಗಳಿಗೂ ಒಂದು ಟೇಬಲ್ಲು. ಯಜಮಾನರನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ ಜೊತೆಗೇ ಕರೆದುಕೊಂಡು ಹೋದೆ.

ಆ ದಿನ ಬೆಳಿಗ್ಗೆ ಜೋಗಿಮಟ್ಟಿಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಚರ್ಚಿನ ಅಂಗಳದ ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ, ಬಿದಿರಿನ ಕಡ್ಡಿಗೆ ಬಣ್ಣದ ಹಾಳೆ ಅಂಟಿಸಿದ ನಕ್ಷತ್ರಗಳನ್ನು ತೂಗುಹಾಕಿದ್ದರು. ಗಾಳಿಗೆ ಅವು ಪಟಪಟ ಎನ್ನುತ್ತಿದ್ದವು. ಮೇಣದಬತ್ತಿ, ಹೆಣೆದ ಟೋಪಿ, ಕಾಲುಚೀಲ, ಅಡಿಕೆ ಹಾಳೆಯ ತಟ್ಟೆ, ಮನೆಯಲ್ಲೇ ಬೇಯಿಸಿದ ಕೇಕು. ನಮ್ಮ ಟೇಬಲ್ಲಿನ ಪಕ್ಕದಲ್ಲೇ ಸ್ಟೆಲ್ಲಮ್ಮನ ಟೇಬಲ್ಲು. ಸ್ಟೆಲ್ಲಮ್ಮ ಚಿತ್ರದುರ್ಗದವಳೇ, ಹೊಲಿಗೆ ಕಲಿಸುವ ಟೀಚರು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ಅವಳು ಮಾಡಿ ತಂದಿದ್ದದ್ದು ಗೋದಲಿ.

ನಮ್ಮ ಕಡೆ ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ಜಾಗಕ್ಕೆ ಗೋದಲಿ ಎನ್ನುತ್ತೇವೆ. ಯೇಸು ಹುಟ್ಟಿದ್ದು ಅಂಥ ಜಾಗದಲ್ಲಿ ಎಂದು ಕ್ರಿಶ್ಚಿಯನ್ನರು ಆ ಕೊಟ್ಟಿಗೆಯನ್ನು ಗೊಂಬೆಗಳಿಂದ ಮಾಡಿ ಇಡುತ್ತಾರೆ. ಸ್ಟೆಲ್ಲಮ್ಮ ಅದನ್ನು ನಮ್ಮ ಸೀಮೆಯ ಕೊಟ್ಟಿಗೆಯ ಹಾಗೇ ಮಾಡಿದ್ದಳು. ಸೋಗೆಯ ಸೂರು, ಕೆರೆ ಮಣ್ಣಿನ ಗೊಂಬೆಗಳು. ಕುರಿಗಳಿಗೆ ನಿಜವಾದ ಉಣ್ಣೆ ಅಂಟಿಸಿದ್ದಳು. ಕುರಿ ಕಾಯುವವರ ಹೆಗಲ ಮೇಲೆ ಕರಿ ಕಂಬಳಿಯ ತುಂಡು. ತಾಯಿಯ ಮೈಮೇಲೆ ಮೊಳಕಾಲ್ಮೂರು ರೇಷ್ಮೆಯ ಒಂದು ಚೂರು.

ಇವರು ಅದರ ಮುಂದೆ ನಿಂತರು, ಅಷ್ಟೇ. ಅಲ್ಲಿಂದ ಕದಲಲಿಲ್ಲ. ನೋಡುತ್ತಾ ನೋಡುತ್ತಾ ಮುಖ ಅರಳಿತು. ನನ್ನ ಸೆರಗು ಹಿಡಿದು ಎಳೆದು, ಎಡಗೈಯ ತೋರುಬೆರಳನ್ನು ಕೊಟ್ಟಿಗೆಯ ಮುಂದೆ, ಗೊಂಬೆಗಳಿಲ್ಲದ ಒಂದು ಕಡೆ ಇಟ್ಟರು. "ರೈಟ್" ಎಂದರು. ಮತ್ತೆ ನನ್ನ ಮುಖ ನೋಡಿದರು. "ರೈಟ್, ರೈಟ್!"

"ಏನ್ರಿ? ಕುರಿ ಬೇಕೇನ್ರಿ?" ಎಂದು ಒಂದು ಕುರಿಯನ್ನು ಎತ್ತಿ ಬೆರಳಿನ ಹತ್ತಿರ ಇಟ್ಟೆ. ಅದನ್ನು ಸರಿಸಿದರು. ಕತ್ತೆ ಇಟ್ಟೆ. ಸರಿಸಿದರು. ಕಂಬಳಿಯವನನ್ನು ಇಟ್ಟೆ, ಅವನನ್ನೂ ಸರಿಸಿದರು. ಬೆರಳು ಮಾತ್ರ ಅಲ್ಲೇ. ಅರಳಿದ್ದ ಮುಖ ಸ್ವಲ್ಪ ಸ್ವಲ್ಪವೇ ಬಾಡತೊಡಗಿತು. ಟೇಬಲ್ಲಿನ ಮೇಲೆ ಇದ್ದದ್ದನ್ನೆಲ್ಲ ತೋರಿಸಿದೆ. ಆಚೆ ಈಚೆಯ ಟೇಬಲ್ಲುಗಳಿಂದ ಮೇಣದಬತ್ತಿ, ನಕ್ಷತ್ರ, ಟೋಪಿ ತಂದು ತೋರಿಸಿದೆ. ಯಾವುದೂ ಅಲ್ಲ. ಕೊನೆಗೆ ಅವರ ಕಣ್ಣಲ್ಲಿ ನೀರು ಬಂತು. ಮನೆಗೆ ಕರೆದುಕೊಂಡು ಬಂದೆ. ಆ ದಿನ ಅವರು ಊಟ ಮಾಡಲಿಲ್ಲ.

ಆ ವಾರವೆಲ್ಲ ನಾನು ಯೋಚನೆ ಮಾಡಿದ್ದು ಒಂದೇ: ಅದು ಏನಿರಬಹುದು. ಅವರೆಕಾಯಿ ಸುಲಿಯುತ್ತಾ, ನೀರು ಹಿಡಿಯುತ್ತಾ ಅದನ್ನೇ ಯೋಚಿಸಿದೆ. ಹಸುವೇ? ನಾಯಿಯೇ? ದೀಪವೇ? ಮನೆಯಲ್ಲಿದ್ದ ದೀಪಾವಳಿಯ ಹಣತೆ ತೋರಿಸಿದೆ. ನನ್ನನ್ನು ಪಾಪದವಳು ಎನ್ನುವ ಹಾಗೆ ನೋಡಿದರು.

ಹಿರಿಯೂರಿಗೆ ಹೋಗುವ ಭಾನುವಾರ ನಾನು ಎಬ್ಬಿಸುವ ಮೊದಲೇ ಎದ್ದು ಕೂತಿದ್ದರು. ತಲೆ ಬಾಚಿಕೊಂಡಿದ್ದರು, ಬೈತಲೆ ಸೊಟ್ಟಗಾಗಿತ್ತು. ಹಿರಿಯೂರಿನಲ್ಲಿ ಇಳಿದ ಕೂಡಲೇ ಜನ ಗುರುತು ಹಿಡಿದರು. "ಓಹೋ, ಕಂಡಕ್ಟ್ರು! ಎಲ್ಲಿ ಕಾಣಂಗೇ ಇಲ್ಲ? ಆರಾಮಾ?" ಎಂದು ಒಬ್ಬ ಕೇಳಿದ. "ರೈಟ್" ಎಂದರು ಇವರು. ಆತ ತಮಾಷೆ ಎಂದುಕೊಂಡು ಗಹಗಹಿಸಿ ನಕ್ಕ. ಇವರೂ ನಕ್ಕರು. ನಾನು ಅವರ ಕೈ ಹಿಡಿದುಕೊಂಡು ಮುಂದೆ ನಡೆದೆ.

ಚರ್ಚಿನ ಅಂಗಳ ಸೇರುತ್ತಿದ್ದಂತೆ ಕಾಲೆಳೆದುಕೊಂಡು ಸೀದಾ ಸ್ಟೆಲ್ಲಮ್ಮನ ಟೇಬಲ್ಲಿಗೇ ಹೋದರು. ಅದೇ ಕೊಟ್ಟಿಗೆ, ಅದೇ ಜಾಗಕ್ಕೆ ಅದೇ ಬೆರಳು. ಈ ಸಲ ಸುತ್ತಲಿನವರೂ ಸೇರಿಕೊಂಡರು. ಎಲ್ಲರೂ ಒಳ್ಳೆಯ ಮನಸ್ಸಿನವರೇ.

"ಒಂಟೆ ಇರ್ಬೇಕು ಕಣ್ರಿ, ಒಂಟೆ ಇಟ್ಟಿಲ್ಲ ನೋಡ್ರಿ."

"ಬಾವಿ ಇರ್ಬೇಕು."

"ದೇವ್ರು ಏನಾರ ಕಂಡ್ನೇನೋ ಅಲ್ಲಿ!"

"ಮನುಷ್ಯರೇನ್ರಿ?" ಎಂದು ನಾನು ಕೇಳಿದೆ. ತಲೆಯಾಡಿಸಿದರು. "ಗಂಡಸಾ?" ತಲೆಯಾಡಿಸಿದರು. "ಹೆಂಗಸಾ?" ಅದಕ್ಕೂ ಆಡಿಸಿದರು. ಹಿಂದೆ ಯಾರೋ ಕಿಸಕ್ಕೆಂದರು. ಇವರು "ರೈಟ್! ರೈಟ್! ರೈಟ್!" ಎಂದು ಅಂಗಳವೆಲ್ಲ ಕೇಳುವಂತೆ ಕೂಗಿ ಟೇಬಲ್ಲಿಗೆ ಮುಷ್ಟಿಯಿಂದ ಗುದ್ದಿದರು. ಸೂರು ಕುಸಿಯಿತು. ತಾಯಿ ಗೊಂಬೆ ಕೆಳಗೆ ಬಿದ್ದು ಕತ್ತು ಮುರಿಯಿತು.

ಜನ ಹಿಂದೆ ಸರಿದರು. ಅವರು ಮುರಿದ ಗೊಂಬೆಯನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು. ನಾನು ಸ್ಟೆಲ್ಲಮ್ಮನ ಮುಖ ನೋಡುವ ಧೈರ್ಯವಿಲ್ಲದೆ ಚೂರುಗಳನ್ನು ಆಯತೊಡಗಿದೆ.

"ಬಿಡಕ್ಕ, ಮಣ್ಣು ಅದು. ತಿರುಗ ಮಾಡಿದ್ರಾತು" ಎಂದಳು ಅವಳು. ಕುರ್ಚಿ ಎಳೆದು, "ಅಣ್ಣ, ಕುಂತ್ಕಳ್ರಿ ಇಲ್ಲಿ" ಎಂದು ಅವರನ್ನು ಕೂರಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಎಡಗೈಗೆ ಕೊಟ್ಟಳು.

ಮೂರನೆಯ ಭಾನುವಾರ ಅವರನ್ನು ಬಿಟ್ಟು ಹೋಗುವುದೆಂದು ತೀರ್ಮಾನ ಮಾಡಿದ್ದೆ. ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದೆ. ಕೌದಿಯ ಗಂಟು ಕಟ್ಟಿ ಎದ್ದರೆ ಬಾಗಿಲಲ್ಲಿ ಇವರು ನಿಂತಿದ್ದಾರೆ. ಮಫ್ಲರ್ ತಾವೇ ಸುತ್ತಿಕೊಂಡಿದ್ದಾರೆ, ಚಪ್ಪಲಿ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ. ನಾನು ಬೇಡ ಎಂದರೆ ಬಾಗಿಲು ಬಿಡುವುದಿಲ್ಲ. ಬಿದ್ದ ಊರಿಗೆ, ಹೊಸದುರ್ಗಕ್ಕೆ, ಬಿದ್ದ ಮೇಲೆ ಮೊದಲ ಸಲ ಹೋಗುವುದು. ಬಗ್ಗಿ ಚಪ್ಪಲಿ ಸರಿಮಾಡಿದೆ.

ಹೊಸದುರ್ಗದ ಸ್ಟ್ಯಾಂಡಿನಲ್ಲಿ ಹೊಸ ಕಂಡಕ್ಟರ್ ಒಬ್ಬ ಬಾಗಿಲಿಗೆ ಜೋತುಬಿದ್ದು "ಹಿರಿಯೂರ್, ಹಿರಿಯೂರ್, ಹಿರಿಯೂರ್" ಎಂದು ಕೂಗುತ್ತಿದ್ದ. ಇವರು ನಿಂತು ಕೇಳಿದರು. ಬಾಯಿ ಅವನ ಜೊತೆಗೇ ಅಲ್ಲಾಡಿತು, ಸದ್ದು ಬರಲಿಲ್ಲ. "ಹೋಗಾಣ ಬರ್ರಿ" ಎಂದು ನಾನು ಎಳೆದೆ.

ಸ್ಟೆಲ್ಲಮ್ಮ ಅಂದು ಒಂದು ಹೊಸ ಗೊಂಬೆ ತಂದಿದ್ದಳು. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ಬೆಂಕಿಕಡ್ಡಿಯ ಚೂರಿನಷ್ಟು ಸಣ್ಣ ಸೀಟಿ. "ಅಲ್ಲಿ ತಮ್ಮನ್ನೇ ನಿಲ್ಲಿಸು ಅಂತಿದಾರೇನೋ ಅಣ್ಣ, ಅನ್ನಿಸ್ತಕ್ಕ" ಎಂದಳು. ಅದನ್ನು ನೋಡಿ ಅವರಿಗಾದ ಸಂತೋಷ ಹೇಳತೀರದು. ತಿರುಗಿಸಿ ತಿರುಗಿಸಿ ನೋಡಿದರು. ನನಗೆ ತೋರಿಸಿದರು, ಕೇಕು ಮಾರುವವಳಿಗೆ ತೋರಿಸಿದರು, ಕಾಯಿಲೆ ಬಂದ ಮೇಲೆ ಮೊದಲ ಸಲ ಸದ್ದು ಮಾಡಿ ನಕ್ಕರು. ನಾನು ಸ್ಟೆಲ್ಲಮ್ಮನ ಕೈ ಹಿಡಿದುಕೊಂಡೆ. ಇದೇ, ಇದೇ ಬೇಕಾಗಿತ್ತು ಎಂದುಕೊಂಡೆ.

ಅವರು ಗೊಂಬೆಯನ್ನು ಜೋಪಾನವಾಗಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಆಮೇಲೆ ಬಗ್ಗಿ ಕೊಟ್ಟಿಗೆಯ ಮುಂದಿನ ಆ ಖಾಲಿ ಜಾಗಕ್ಕೆ ಬೆರಳಿಟ್ಟರು. "ರೈಟ್" ಎಂದರು, ಮೆಲ್ಲಗೆ, ಬೇಡಿಕೊಳ್ಳುವ ಹಾಗೆ.

ನಾನು ಕೌದಿಗಳ ಮೇಲೇ ಕೂತುಬಿಟ್ಟೆ. ಸ್ಟೆಲ್ಲಮ್ಮ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು.

"ಅಕ್ಕ, ನಾವು ತಪ್ಪು ತಿಳ್ಕಂಡಿದೀವಿ" ಎಂದಳು. "ಅಣ್ಣಂಗೆ ಯಾವ ಸಾಮಾನೂ ಬೇಕಾಗಿಲ್ಲ. ಅವ್ರು ಏನೋ ಕೇಳ್ತಿಲ್ಲ, ಏನೋ ಹೇಳ್ತಿದಾರೆ. ಏನೋ ನೆನಪಾಗೈತೆ ಇದನ್ನ ನೋಡಿ. ಯಾವತ್ತೋ ನಡೆದಿದ್ದು."

ಅವರು ಥಟ್ಟನೆ ಅವಳ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆಯಲಾರೆ. ಮುಳುಗುತ್ತಿದ್ದವನಿಗೆ ದಡದಲ್ಲಿ ಒಬ್ಬರು ಕಂಡ ಹಾಗಿತ್ತು. ಅವಳ ಕೈಯನ್ನು ಹಿಡಿದು ಹಣೆಗೆ ಒತ್ತಿಕೊಂಡರು.

ಅವಳು ಹೇಳಿದ್ದು ನಿಜವೆಂದು ನನಗೂ ತಿಳಿಯಿತು. ತಿಳಿದದ್ದೇ ತಡ, ಇದ್ದ ಧೈರ್ಯವೂ ಹೋಯಿತು. ಸಾಮಾನಾಗಿದ್ದರೆ ಎಲ್ಲಿಯಾದರೂ ಹುಡುಕಿ ತರಬಹುದಿತ್ತು. ಇವರ ತಲೆಯೊಳಗಿನ ಒಂದು ದಿನವನ್ನು ನಾನು ಯಾವ ಸಂತೆಯಲ್ಲಿ ಹುಡುಕಲಿ?

ನೆನಪಾದದ್ದು ಖಾದರ್ ಸಾಬರು. ಅಷ್ಟು ವರ್ಷ ಒಂದೇ ಬಸ್ಸಿನಲ್ಲಿ ಜೊತೆಗಿದ್ದವರು. ಇವರು ಬಿದ್ದ ಮೇಲೆ ಡ್ರೈವರ್ ಕೆಲಸ ಬಿಟ್ಟು ಹೊಳಲ್ಕೆರೆಯ ಮಗಳ ಮನೆಯಲ್ಲಿ ಇದ್ದರು. ಫೋನು ಮಾಡಿದೆ. "ಬರ್ತೀನಿ ತಂಗ್ಯಮ್ಮ. ಅವನ ಬಸ್ಸಿನ ಕತೆ ನಂಗೊತ್ತಿಲ್ದೇ ಇನ್ನಾರಿಗೆ ಗೊತ್ತಿರ್ತೈತೆ?" ಎಂದರು. ಆ ವಾರ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಹೊಳಲ್ಕೆರೆಯ ಸಂತೆಯ ದಿನ ಮೋಡ ಮುಚ್ಚಿಕೊಂಡಿತ್ತು. ಮಂಡಿಗೆ ಅಡಿಕೆ ಚೀಲ ಹೊತ್ತ ಗಾಡಿಗಳು ಚರ್ಚಿನ ಮುಂದೆಯೇ ಹೋಗುತ್ತಿದ್ದವು. ಖಾದರ್ ಸಾಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿಕೊಂಡು ನಮಗಿಂತ ಮೊದಲೇ ಬಂದಿದ್ದರು. ಇವರನ್ನು ತಬ್ಬಿಕೊಂಡು "ಲೇ ರುದ್ರ, ಗಾಡಿ ನಿಲ್ಲಿಸಿ ನೀನೊಬ್ನೇ ಇಳ್ಕಂಡ್ಯಲ್ಲೋ" ಎಂದರು. ಇಬ್ಬರೂ ಸ್ಟೆಲ್ಲಮ್ಮನ ಟೇಬಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಇವರು ಬೆರಳಿಟ್ಟರು. ಖಾದರ್ ಸಾಬರು ಕೊಟ್ಟಿಗೆ, ಮಗು, ತಾಯಿ, ಕುರಿ ಎಲ್ಲವನ್ನೂ ಒಂದೊಂದಾಗಿ ನೋಡಿ ತೊಡೆ ತಟ್ಟಿದರು.

"ಗೊತ್ತಾತು! ಧರ್ಮಪುರದ ಕಡೆಯ ಆ ಬಸರಿ ಹೆಣ್ಮಗಳು. ಹಿರಿಯೂರು ಇನ್ನೂ ದೂರ ಐತೆ ಅನ್ನುವಾಗ ಬಸ್ಸಲ್ಲೇ ಹೆರಿಗೆ ನೋವು ಬಂತು. ಗಂಡಸ್ರನ್ನೆಲ್ಲ ಇಳಿಸಿ, ನೀನು ಬಾಗಿಲ ಕಡೆಗೆ ಮುಖ ಮಾಡಿ ನಿಂತ್ಕಂಡು, 'ಯಾರೂ ಇತ್ಲಾಗೆ ತಿರುಗಬ್ಯಾಡ್ರಿ' ಅಂತ ಅರಚಿದ್ದೆ. ಗಂಡು ಮಗು. ಅದೇ ಅಲ್ವೇನೋ?"

ಇವರು ಕಿವಿಗೊಟ್ಟು ಕೇಳಿದರು. ಮುಗುಳ್ನಕ್ಕರು. ಬೆರಳು ಮತ್ತೆ ಆ ಜಾಗವನ್ನೇ ತಟ್ಟಿತು.

"ಹಂಗಾರೆ ಆ ಕುರಿಯೋರ ಅಜ್ಜ. ಕಂಬಳಿಯೊಳಗೆ ಮರಿ ಮುಚ್ಚಿಟ್ಕಂಡು ಕುಂತಿದ್ನಲ್ಲ. ನೀನು ಟಿಕೆಟ್ ಅಂದ ಕೂಡ್ಲೇ ಮರಿ ಬ್ಯಾ ಅಂತು. ಬಸ್ಸೆಲ್ಲ ನಕ್ಕು ನಕ್ಕು..."

ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಅದೂ ಅಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು.

ಖಾದರ್ ಸಾಬರು ಹೇಳುತ್ತಲೇ ಹೋದರು. ಸೀಟಿನ ಮೇಲೆ ನಿದ್ದೆಹೋದ ಮಗುವನ್ನು ಮರೆತು ಇಳಿದುಹೋದ ತಾಯಿ. ಮಳೆಯಲ್ಲಿ ಕೆಟ್ಟು ನಿಂತ ಬಸ್ಸಿನವರಿಗೆಲ್ಲ ತನ್ನ ಕೊಟ್ಟಿಗೆಯಲ್ಲಿ ಜಾಗ ಕೊಟ್ಟ ಗೌಡರು. ಮದುವೆಗೆ ಮುಂಚೆಯೇ ಓಡಿಹೋಗುತ್ತಿದ್ದ ಜೋಡಿ. ಎಷ್ಟೋ ಕತೆಗಳನ್ನು ನಾನು ಊಟದ ಹೊತ್ತಿನಲ್ಲಿ ಇವರ ಬಾಯಿಂದಲೇ ಕೇಳಿದ್ದೆ. ಕೊಟ್ಟಿಗೆಯ ಕತೆ ಬಂದಾಗ ನಾನು ಕೈಯಲ್ಲಿದ್ದ ಕೌದಿ ಬಿಟ್ಟು ಹತ್ತಿರ ಬಂದೆ. ಇವರು ಒಂದು ಗಳಿಗೆ ಯೋಚಿಸಿದರು, ಮತ್ತೆ ಬೆರಳಿನಿಂದ ಮೆಲ್ಲಗೆ ಆ ಜಾಗವನ್ನು ಒರೆಸಿದರು. ಅದೂ ಅಲ್ಲ. ಸ್ಟೆಲ್ಲಮ್ಮ ವ್ಯಾಪಾರ ಬಿಟ್ಟು ಕೇಳುತ್ತಾ ನಿಂತಿದ್ದಳು. ಖಾದರ್ ಸಾಬರ ಗಂಟಲು ಒಣಗಿತು. ಒಂದು ಕತೆಗೂ ಇನ್ನೊಂದು ಕತೆಗೂ ನಡುವೆ ಬಿಡುವು ಹೆಚ್ಚಾಗುತ್ತಾ ಹೋಯಿತು. ಕೊನೆಗೆ ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಇಲ್ಲ ತಂಗ್ಯಮ್ಮ. ನಂಗೂ ಗೊತ್ತಿಲ್ಲ" ಎಂದರು. "ನಾನು ಮುಂದೆ ರಸ್ತೆ ನೋಡ್ಕಂಡು ಗಾಡಿ ಓಡ್ಸಿದೋನು. ಹಿಂದ್ಗಡೆ ಏನೇನಾತು ಅನ್ನೋದು ಇವನೊಬ್ಬಂಗೇ ಗೊತ್ತು. ನಂಗೆ ಇವ್ನು ಹೇಳಿದ್ದಷ್ಟೇ ಗೊತ್ತು. ಹೇಳ್ದೇ ಇರೋದು..." ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ನನಗೂ ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ, ನಕ್ಷತ್ರಗಳ ಕೆಳಗೆ ನಿಂತು ಅತ್ತೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಖಾದರ್ ಸಾಬರನ್ನು ನೋಡಿದರು. ಬೆರಳನ್ನು ಗೋದಲಿಯ ಮುಂದಿನಿಂದ ತೆಗೆದರು. ಎದ್ದು, ಆ ಎಡಗೈಯನ್ನು ಗೆಳೆಯನ ಬೆನ್ನ ಮೇಲಿಟ್ಟು ತಟ್ಟಿದರು, ಪುಟ್ಟ ಮಕ್ಕಳನ್ನು ತಟ್ಟುವ ಹಾಗೆ. "ರೈಟ್... ರೈಟ್" ಎಂದರು. ಅಷ್ಟು ವಾರಗಳಲ್ಲಿ ಆ ಮಾತಿನ ಅರ್ಥ ನನಗೆ ಸಂಶಯವಿಲ್ಲದೆ ತಿಳಿದದ್ದು ಅದೊಂದೇ ಸಲ. ಹೋಗಲಿ ಬಿಡು ಎನ್ನುತ್ತಿದ್ದರು.

ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆಯಿಟ್ಟು ಶಾಂತವಾಗಿ ಕೂತಿದ್ದರು. ಮನೆಗೆ ಬಂದು ಊಟ ಮಾಡಿದರು. ಸಿಟ್ಟು, ಗುದ್ದುವುದು, ಕೂಗುವುದು ಎಲ್ಲವೂ ಅಂದಿಗೆ ನಿಂತಿತು. ನೋಡಿದವರು ಈಗ ಎಷ್ಟೋ ವಾಸಿಯಾಗಿದ್ದಾರೆ ಎಂದರು. ಹಬ್ಬದ ದಿನ ಸ್ಟೆಲ್ಲಮ್ಮ ಕೇಕು ತಂದುಕೊಟ್ಟು ಅದನ್ನೇ ಹೇಳಿದಳು. ನನಗೆ ಮಾತ್ರ ಆ ಶಾಂತಿಯನ್ನು ಕಂಡರೆ ಭಯ. ಒಂದು ತಿಂಗಳು ಬಾಗಿಲು ಬಡಿದು ಬಡಿದು, ಯಾರೂ ತೆಗೆಯುವುದಿಲ್ಲ ಎಂದು ತಿಳಿದು ಹೊರಟುಹೋದವರ ಹಾಗೆ ಇದ್ದರು. ಬಾಗಿಲ ಈಚೆ ಕಡೆ ಇದ್ದವಳು ನಾನು. ಅಗುಳಿ ಎಲ್ಲಿದೆ ಎಂದು ನನಗೆ ಕೊನೆಗೂ ತಿಳಿಯಲಿಲ್ಲ.

ಮರುವರ್ಷದ ಡಿಸೆಂಬರಿನಲ್ಲಿ ಚಿತ್ರದುರ್ಗದ ಸಂತೆಗೆ ಮತ್ತೆ ಹೋದೆವು. ಅವರು ಇನ್ನಷ್ಟು ಇಳಿದಿದ್ದರು. ಮುಂದೆ ಬಂದ ಬೇಸಗೆಯನ್ನು ಅವರು ದಾಟಲಿಲ್ಲ. ಸ್ಟೆಲ್ಲಮ್ಮ ಕೊಟ್ಟಿಗೆಯ ಮುಂದೆ ಆ ಜಾಗವನ್ನು ಖಾಲಿ ಬಿಟ್ಟೇ ಗೊಂಬೆಗಳನ್ನು ಜೋಡಿಸಿದ್ದಳು. ಅವರು ಕುರ್ಚಿಯಲ್ಲಿ ಕೂತು ಚಹಾ ಕುಡಿದರು. ಗೋದಲಿಯನ್ನು ನೋಡಿದರು, ಕೈ ಎತ್ತಲಿಲ್ಲ. ನಾನು ಕಾದೆ. ಆಮೇಲೆ ತಾಳಲಾರದೆ ನಾನೇ ಅವರ ಬೆರಳನ್ನು ಹಿಡಿದು ಆ ಜಾಗದಲ್ಲಿ ಇಟ್ಟೆ.

"ಏನ್ರಿ, ಇಲ್ಲೇ ಅಲ್ವಾ? ಹೇಳ್ರಿ. ಈ ಸಲ ನಾನು ನಿದ್ದೆ ಮಾಡಲ್ಲ. ಹೇಳ್ರಿ."

ಅವರು ಆ ಜಾಗವನ್ನು ನೋಡಿದರು. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಬಾಯಿ ತೆರೆದರು. ಆ ಒಂದು ಮಾತೂ ಬರಲಿಲ್ಲ. ಬೆರಳನ್ನು ನನ್ನ ಹಿಡಿತದಿಂದ ಮೆಲ್ಲಗೆ ಬಿಡಿಸಿಕೊಂಡರು, ಗಾಳಿಗೆ ಜಾರಿದ್ದ ನನ್ನ ಸೆರಗನ್ನು ಎಳೆದು ನನ್ನ ಹೆಗಲಿಗೆ ಹೊದಿಸಿದರು, ಮತ್ತೆ ರಸ್ತೆಯ ಕಡೆಗೆ ತಿರುಗಿ ಕೂತರು.